ಜರ್ಮನಿ ಯಾಕೆ, ಅದರಲ್ಲೂ ಈ ಊರೇ ಯಾಕೆ: ನರ್ಸ್ ಆಗಿ ದಾಟಿ ಬಂದ ಮೂರು ವರ್ಷ

ಕಳೆದ ಡಿಸೆಂಬರಿನಲ್ಲಿ ನನ್ನ ಕೈಗೆ ಒಂದು ಹಾಳೆ ಬಂತು. ಜರ್ಮನಿಯಲ್ಲಿ ನಾನು ಪೂರ್ಣ ಪ್ರಮಾಣದ ನರ್ಸ್ ಅಂತ ಹೇಳುವ ಹಾಳೆ ಅದು. ಇಲ್ಲಿ ಅದಕ್ಕೆ ಉರ್ಕುಂಡೆ ಅನ್ನುತ್ತಾರೆ. ಅದಕ್ಕಾಗಿ ನಾನು ಓಡಾಡಲು ಶುರು ಮಾಡಿದ್ದು 2022ರ ಕೊನೆಯಲ್ಲಿ. ಈ ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟಿದ್ದು ಭಾಷೆಯೂ ಅಲ್ಲ, ವೀಸಾನೂ ಅಲ್ಲ. ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ಬೆಂಗಳೂರು, ಮಂಗಳೂರು, ಹಾಸನದಲ್ಲಿ ಡ್ಯೂಟಿ ಮುಗಿಸಿ ಬಂದು ರಾತ್ರಿ ಇದೇ ಪ್ರಶ್ನೆ ಹಿಡಿದು ಕೂತಿರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದೆ. ಏಳು ವರ್ಷದ ಅನುಭವ, ತಿಂಗಳಿಗೆ 32,000 ರೂಪಾಯಿ. ನಮ್ಮ ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ಸೆಟ್ಟರ್, ಅಂದರೆ ಲೋಹ ಕೊರೆಯುವ ಕಂಪ್ಯೂಟರ್ ಯಂತ್ರ ಹೊಂದಿಸುವ ಕೆಲಸ. ಮಗಳಿಗೆ ಎರಡು ವರ್ಷ. ಮನೆ ಬಾಡಿಗೆ, ಊರಿನ ಸಾಲ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮೊದಲು ಯೋಚಿಸಿದ್ದು ಗಲ್ಫ್. ನಮ್ಮ ವಾರ್ಡಿನಲ್ಲಿ ಅರ್ಧ ಜನ ಅದನ್ನೇ ಹೇಳುತ್ತಿದ್ದರು. ಡೇಟಾಫ್ಲೋದವರು ದಾಖಲೆ ಪರಿಶೀಲಿಸುತ್ತಾರೆ, ಪ್ರೊಮೆಟ್ರಿಕ್ ಅನ್ನುವ ಲೈಸೆನ್ಸ್ ಪರೀಕ್ಷೆ ಬರೆದರೆ ಆಯಿತು, ಹೊಸ ಭಾಷೆ ಕಲಿಯಬೇಕಾಗಿಲ್ಲ. ದುಡ್ಡು ಉಳಿಸಿ ನಾಲ್ಕೈದು ವರ್ಷಕ್ಕೆ ವಾಪಸ್ ಬರುವವರಿಗೆ ಅದು ಒಳ್ಳೆಯ ದಾರಿಯೇ. ಆದರೆ ನಮಗೆ ಬೇಕಿದ್ದದ್ದು ನೆಲೆ. ಕೆಲಸ ಮುಗಿದರೆ ದೇಶ ಬಿಡಬೇಕು ಅನ್ನುವ ಕಡೆ ಮಗಳನ್ನು ಶಾಲೆಗೆ ಸೇರಿಸಲು ಮನಸ್ಸು ಬರಲಿಲ್ಲ. ಅಮೆರಿಕಕ್ಕೆ ಅಲ್ಲಿನ ನರ್ಸ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಬರೆಯಬಹುದಿತ್ತು. ಆದರೆ ಭಾರತದಲ್ಲಿ ಹುಟ್ಟಿದವರಿಗೆ ಇಬಿ-3 ಹಸಿರು ಕಾರ್ಡಿನ (ಕೆಲಸದ ಮೇಲೆ ಸಿಗುವ ಕಾಯಂ ವಾಸದ ಪತ್ರ) ಸಾಲು ಹತ್ತು ವರ್ಷಕ್ಕೂ ಜಾಸ್ತಿ ಅಂತ ಗೊತ್ತಾದ ದಿನವೇ ಅದನ್ನು ಬಿಟ್ಟೆವು.

ಬ್ರಿಟನ್ ಮಾತ್ರ ತುಂಬಾ ದಿನ ತಲೆಯಲ್ಲಿತ್ತು. ನನ್ನ ಬ್ಯಾಚಿನವರು ಮೂರು ಜನ ಆಗಲೇ ಹೋಗಿದ್ದರು. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಐಇಎಲ್‌ಟಿಎಸ್‌ನಲ್ಲಿ, ಅಂದರೆ ಇಂಗ್ಲಿಷ್ ಪರೀಕ್ಷೆಯಲ್ಲಿ, ಒಟ್ಟು 7 ಬರಬೇಕು, ರೈಟಿಂಗ್‌ನಲ್ಲಿ ಮಾತ್ರ 6.5 ಸಾಕು. ನನಗೆ ರೈಟಿಂಗ್‌ನಲ್ಲಿ 6 ಬಂತು. ಅರ್ಧ ಅಂಕ! ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ ಬರೆಯೋಣ ಅಂತಲೇ ಇದ್ದೆ. ಆಗ ಯಜಮಾನರು ಒಂದು ಮಾತು ಕೇಳಿದರು: "ನೀನು ಹೋದಮೇಲೆ ನಾನು ಅಲ್ಲಿ ಏನು ಮಾಡ್ಲಿ?"

ಇದು ನಾವು ಮೊದಲ ದಿನವೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ. ನನ್ನ ಕೆಲಸ ಎಲ್ಲಿ ಸಿಗುತ್ತದೆ ಅಂತ ಮಾತ್ರ ನೋಡುತ್ತಿದ್ದೆವು, ಅವರ ಕೈಯಲ್ಲಿರುವ ಕಸುಬಿಗೆ ಎಲ್ಲಿ ಬೆಲೆ ಇದೆ ಅಂತ ನೋಡಿರಲೇ ಇಲ್ಲ. ಅವರು ದಿನಾ ಕೆಲಸ ಮಾಡುತ್ತಿದ್ದ ಮೆಷಿನ್ ಜರ್ಮನಿಯದು. ನಮ್ಮ ಅಡುಗೋಡಿಯ ಮೈಕೋ ಫ್ಯಾಕ್ಟರಿಯ ಮೂಲ ಕಂಪನಿ ಬಾಷ್ ಇರುವುದು ಸ್ಟುಟ್‌ಗಾರ್ಟ್ ಹತ್ತಿರ. ಜರ್ಮನಿಯಲ್ಲಿ ನರ್ಸುಗಳ ಕೊರತೆ ಇದೆ ಅಂತ ಗೊತ್ತಿತ್ತು. ಇಬ್ಬರ ಕೆಲಸವೂ ಒಂದೇ ಕಡೆ ಸಿಗಬಹುದು ಅಂತ ಮೊದಲ ಸಲ ಅನ್ನಿಸಿದ್ದು ಆಗ. ಆದರೂ ಬ್ರಿಟನ್ ಬಿಟ್ಟಿದ್ದಕ್ಕೆ ಬೇಜಾರು ಬಹಳ ದಿನ ಇತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಕಾಯಂ ವಾಸಕ್ಕೆ 5 ವರ್ಷದ ಬದಲು 10 ವರ್ಷ ಕಾಯಿಸುವ ಪ್ರಸ್ತಾಪ ಮುಂದಿಟ್ಟಿತು. ಅವತ್ತು ಅಲ್ಲಿರುವ ಗೆಳತಿ ಫೋನ್ ಮಾಡಿ ಅತ್ತಳು. ಯಾವ ದೇಶದ ನಿಯಮವೂ ನಾವು ಹೊರಟ ದಿನ ಇದ್ದಂತೆ ಕೊನೆಯವರೆಗೆ ಇರುವುದಿಲ್ಲ. ಜರ್ಮನಿಗೂ ಈ ಮಾತು ಅನ್ವಯಿಸುತ್ತದೆ.

ಈಗ ಇಲ್ಲಿನ ಲೆಕ್ಕ ಹೀಗಿದೆ. ಮಾನ್ಯತೆ ಸಿಕ್ಕ ನುರಿತ ಕೆಲಸಗಾರರು 3 ವರ್ಷದ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 36 ತಿಂಗಳು ಪಿಂಚಣಿ ನಿಧಿಗೆ ಹಣ ಕಟ್ಟಿರಬೇಕು, ಬಿ 1 ಮಟ್ಟದ ಜರ್ಮನ್ ಭಾಷೆ ಇರಬೇಕು (ಎ 1 ಮೊದಲ ಮೆಟ್ಟಿಲು, ಆಮೇಲೆ ಎ 2, ಬಿ 1, ಬಿ 2). ಪೌರತ್ವಕ್ಕೆ 2024ರ ಜೂನ್‌ನಿಂದ 8 ವರ್ಷದ ಬದಲು 5 ವರ್ಷ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಆದ್ದರಿಂದ ಅದನ್ನು ನಾವಿನ್ನೂ ಯೋಚಿಸಿಲ್ಲ.

ದೇಶ ನಿರ್ಧಾರ ಆದ ತಕ್ಷಣ ನಾನು ಒಂದು ತಪ್ಪು ಮಾಡಿದೆ. ಒಬ್ಬ ಏಜೆಂಟರ ಹತ್ತಿರ ಹೋದೆ. ನಾಲ್ಕು ಲಕ್ಷ ಕೊಟ್ಟರೆ ಭಾಷೆ, ಕೆಲಸ, ವೀಸಾ ಎಲ್ಲ ನಮ್ಮದೇ ಜವಾಬ್ದಾರಿ ಅಂದರು. 50,000 ಮುಂಗಡ ಕೊಟ್ಟೆ. ನನ್ನ ಬಳೆ ಅಡವಿಟ್ಟ ದುಡ್ಡು ಅದು. ಎರಡು ತಿಂಗಳಾದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಗೊತ್ತಾಯಿತು, ಕೇಂದ್ರ ಸರ್ಕಾರದಲ್ಲಿ ನೋಂದಣಿ ಆದ ಏಜೆಂಟರು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ ನೋಡಬಹುದು. ದಯವಿಟ್ಟು ನೋಡಿ. ಜರ್ಮನಿ ಸರ್ಕಾರವೂ ನರ್ಸುಗಳನ್ನು ನ್ಯಾಯವಾಗಿ ನೇಮಿಸಿಕೊಳ್ಳುವ ಸಂಸ್ಥೆಗಳಿಗೆ ಒಂದು ಮುದ್ರೆ ಕೊಡುತ್ತದೆ. ಆ ಮುದ್ರೆ ಇದ್ದವರು ನೇಮಕಾತಿಗೆ ನಮ್ಮಿಂದ ದುಡ್ಡು ಕೇಳುವಂತಿಲ್ಲ, ಖರ್ಚು ಉದ್ಯೋಗದಾತರದೇ. ಇದು ಮೊದಲೇ ಗೊತ್ತಿದ್ದರೆ ನನ್ನ ಬಳೆ ಉಳಿಯುತ್ತಿತ್ತು.

2023ರ ಜನವರಿಯಿಂದ ಭಾಷೆ ಶುರು. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ತರಗತಿಗೆ ಕೂತರೆ ಡೆರ್, ಡೀ, ಡಾಸ್ ಅನ್ನುವ ಲಿಂಗಸೂಚಕ ಪದಗಳೆಲ್ಲ ಒಂದಕ್ಕೊಂದು ಕಲಸಿಹೋಗುತ್ತಿದ್ದವು. ಮಗಳನ್ನು ಅತ್ತೆ ಊರಿಗೆ ಕರೆದುಕೊಂಡು ಹೋದರು. "ನೀನು ಓದ್ಕೋಮ್ಮ, ಮಗು ನನ್ನ ಹತ್ರ ಇರ್ಲಿ" ಅಂದರು. ಆ ಒಂದು ಮಾತಿಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ. ಎ 1ರಿಂದ ಬಿ 2ವರೆಗೆ ನನಗೆ ಹತ್ತಿರ ಹತ್ತಿರ ಒಂದೂಮುಕ್ಕಾಲು ವರ್ಷ ಬೇಕಾಯಿತು. ಎಂಟು ತಿಂಗಳಿಗೆ ಮುಗಿಸುತ್ತೇವೆ ಅನ್ನುವ ಜಾಹೀರಾತು ನೋಡಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕೆಲಸ ಮಾಡಿಕೊಂಡು ಕಲಿಯುವವರಿಗೆ ಜಾಸ್ತಿ ಸಮಯ ಬೇಕೇ ಬೇಕು.

ಗೋಯೆಥೆ ಸಂಸ್ಥೆಯ ಬಿ 2 ಜರ್ಮನ್ ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದರಲ್ಲೂ 100ಕ್ಕೆ 60 ಬರಬೇಕು. 2024ರ ಜೂನ್‌ನಲ್ಲಿ ನನಗೆ ಕೇಳುವ ಭಾಗ ಹೋಯಿತು, 54 ಬಂದಿತ್ತು. ಎಲ್ಲವನ್ನೂ ಮತ್ತೆ ಬರೆಯಬೇಕೇನೋ ಅಂತ ಹೆದರಿದ್ದೆ. ಬೇಕಾಗಿಲ್ಲ, ಹೋದ ಭಾಗ ಮಾತ್ರ ಬರೆದರೆ ಸಾಕು. ಆಗಸ್ಟ್‌ನಲ್ಲಿ ಅದೊಂದನ್ನು ಪಾಸು ಮಾಡಿದೆ. ಭಾಷೆಗೆ, ಪರೀಕ್ಷೆಗೆ ಒಟ್ಟು ಒಂದು ಲಕ್ಷ ಅರವತ್ತು ಸಾವಿರ ಖರ್ಚಾಯಿತು. ಕೆಲವು ಆಸ್ಪತ್ರೆಗಳು ಬಿ 1 ಇದ್ದರೂ ಕರೆಸಿಕೊಂಡು ಬಿ 2 ಇಲ್ಲಿ ಮಾಡಿಸುತ್ತವೆ. ಆದರೆ ಶಿಫ್ಟ್ ಡ್ಯೂಟಿ, ಹೊಸ ಊರು, ಮನೆಯ ನೆನಪು ಇವುಗಳ ಮಧ್ಯೆ ವ್ಯಾಕರಣ ಓದುವುದು ಬಹಳ ಕಷ್ಟ. ಸಾಧ್ಯವಾದರೆ ಊರಲ್ಲೇ ಮುಗಿಸಿ ಬನ್ನಿ.

ದಾಖಲೆಗಳ ಕಥೆ ಇನ್ನೊಂದು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಎಸ್‌ಸಿ ನರ್ಸಿಂಗ್ ಅಂಕಪಟ್ಟಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ, ಕೆಲಸದ ಪತ್ರಗಳು, ಪೊಲೀಸ್ ಕ್ಲಿಯರೆನ್ಸ್. ಇವೆಲ್ಲ ಸರಿ. ಜರ್ಮನಿಯವರು ಮುಖ್ಯವಾಗಿ ನೋಡುವುದು ಗಂಟೆಗಳ ಲೆಕ್ಕ. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಅಂತ. ನಾನು ಓದಿದ ಕಾಲೇಜು ಕೊಟ್ಟ ಪತ್ರದಲ್ಲಿ ಒಟ್ಟು ಗಂಟೆ ಮಾತ್ರ ಇತ್ತು, ವಾರ್ಡುವಾರು ಇರಲಿಲ್ಲ. ಅದನ್ನು ಸರಿ ಮಾಡಿಸಲು ಹಾಸನ ರೈಲಿನಲ್ಲಿ ಐದು ಸಲ ಓಡಾಡಿದೆ. ಒಂದು ಸಲ ಸಹಿ ಮಾಡುವವರು ರಜೆ, ಇನ್ನೊಂದು ಸಲ ಮುದ್ರೆ ಇಲ್ಲ. ನಾಲ್ಕು ತಿಂಗಳು ಇದಕ್ಕೇ ಹೋಯಿತು. ನೀವು ಇನ್ನೂ ಕಾಲೇಜಿನಲ್ಲಿದ್ದರೆ ಹೊರಡುವಾಗಲೇ ಈ ಪತ್ರ ಮಾಡಿಸಿಟ್ಟುಕೊಳ್ಳಿ.

ಆಮೇಲೆ ಹೆಸರು. ನಮ್ಮ ಕಡೆ ಹೆಸರಿನ ಹಿಂದೆ ಊರು, ಅಪ್ಪನ ಹೆಸರು ಇನಿಶಿಯಲ್ ಆಗಿರುತ್ತವೆ, ಅಲ್ವಾ? ಅಂಕಪಟ್ಟಿಯಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಪೂರ್ತಿ ಹೆಸರು, ನರ್ಸಿಂಗ್ ಕೌನ್ಸಿಲ್‌ನಲ್ಲಿ ಇನಿಶಿಯಲ್ ಹಿಂದಿನ ಬದಲು ಮುಂದೆ. ಜರ್ಮನಿಯ ಕಚೇರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮೂರೂ ಒಬ್ಬಳದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಅದನ್ನೂ ಜರ್ಮನ್‌ಗೆ ಅನುವಾದ ಮಾಡಿಸಿ ಕಳಿಸಿದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಕೂತಿದ್ದು ನಮ್ಮೂರು. ಹಾಗಾಗಿ ಇವತ್ತಿಗೂ ವಾರ್ಡಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು "ಫ್ರಾವ್ ಕೊಣನೂರು" ಅಂತ. ಮೊದಲ ಸಲ ಒಬ್ಬ ಮುದುಕಿ ಹಾಗೆ ಕೂಗಿದಾಗ ಕಾವೇರಿ ದಡದ ಆ ಊರು ಕಣ್ಣ ಮುಂದೆ ಬಂದು ನಿಂತಿತು.

ಈಗ ಊರು ಆರಿಸಿದ್ದು. 2024ರ ಬೇಸಿಗೆಯಲ್ಲಿ ಮೂರು ಕಡೆ ವಿಡಿಯೋ ಸಂದರ್ಶನ ಆಯಿತು, ಮೂರೂ ಕಡೆ ಕೆಲಸ ಸಿಕ್ಕಿತು. ಒಂದು ಮ್ಯೂನಿಕ್‌ನಲ್ಲಿ, ಒಂದು ಥ್ಯೂರಿಂಗೆನ್ ರಾಜ್ಯದ ಸಣ್ಣ ಪಟ್ಟಣದಲ್ಲಿ, ಇನ್ನೊಂದು ಟ್ಯೂಬಿಂಗನ್ ಪಕ್ಕದ ಊರಿನಲ್ಲಿ. ನನ್ನ ಮನಸ್ಸು ಮ್ಯೂನಿಕ್ ಕಡೆಗಿತ್ತು. ಹೆಸರು ಕೇಳಿದ ಊರು, ಕನ್ನಡದವರೂ ಜಾಸ್ತಿ. ಆದರೆ ಒಪ್ಪಂದದ ಕಾಗದದಲ್ಲಿ ಒಂದು ಸಾಲಿತ್ತು: ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 12,000 ಯೂರೋ ವಾಪಸ್ ಕೊಡಬೇಕು. ಜರ್ಮನ್ ಕಲಿಸುತ್ತಿದ್ದ ಮೇಡಂ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಇದನ್ನು ಓದದೆ ಸಹಿ ಮಾಡ್ಬೇಡ" ಅಂದರು. ಒಪ್ಪಂದವನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಅರ್ಥವಾಗುವವರಿಂದ ಓದಿಸಿ.

ಇನ್ನೊಂದು ವಿಷಯ ನನಗೆ ಆಗಲೇ ತಿಳಿದದ್ದು. ಊರಾಡಳಿತದ ಆಸ್ಪತ್ರೆಗಳಲ್ಲಿ ನರ್ಸುಗಳ ಸಂಬಳ ಒಂದೇ ಪಟ್ಟಿಯ ಪ್ರಕಾರ ಇರುತ್ತದೆ. ದೊಡ್ಡ ನಗರ ಅಂತ ಮೂಲ ಸಂಬಳ ಹೆಚ್ಚಾಗುವುದಿಲ್ಲ. ಬಾಡಿಗೆ ಮಾತ್ರ ಮ್ಯೂನಿಕ್‌ನಲ್ಲಿ ದೇಶದಲ್ಲೇ ಅತಿ ಹೆಚ್ಚು. ಅಂದರೆ ಕೈಯಲ್ಲಿ ಉಳಿಯುವುದನ್ನು ತೀರ್ಮಾನಿಸುವುದು ಸಂಬಳಕ್ಕಿಂತ ಜಾಸ್ತಿ ಊರು. ಆ ಲೆಕ್ಕದಲ್ಲಿ ಥ್ಯೂರಿಂಗೆನ್ ಗೆಲ್ಲಬೇಕಿತ್ತು, ಬಾಡಿಗೆ ಬಹಳ ಕಡಿಮೆ. ಆದರೆ ನಮ್ಮ ಯಜಮಾನರು ನಕ್ಷೆ ಹರಡಿಕೊಂಡು ಕೂತು ಪ್ರತಿ ಊರಿನ ಸುತ್ತ ಒಂದು ಗಂಟೆಯ ರೈಲು ದಾರಿಯಲ್ಲಿ ಎಷ್ಟು ಮೆಷಿನ್ ಶಾಪ್ ಇವೆ, ಎಷ್ಟು ಕೆಲಸ ಖಾಲಿ ಇದೆ ಅಂತ ಒಂದು ವಾರ ಹುಡುಕಿದರು. ಟ್ಯೂಬಿಂಗನ್, ಸ್ಟುಟ್‌ಗಾರ್ಟ್ ಸುತ್ತ ಸಣ್ಣ ಸಣ್ಣ ಊರಲ್ಲೂ ಲೋಹದ ಕೆಲಸದ ಕಾರ್ಖಾನೆಗಳಿದ್ದವು. ಪೀಣ್ಯದಂತೆಯೇ, ಆದರೆ ಬೆಟ್ಟ, ಕಾಡಿನ ಮಧ್ಯೆ ಹರಡಿಕೊಂಡಿವೆ. ಜೊತೆಗೆ ಆ ಆಸ್ಪತ್ರೆ ನರ್ಸುಗಳ ವಸತಿಯಲ್ಲಿ ಕೋಣೆ ಕೊಡುತ್ತೇವೆ, ಅನುವಾದದ ಖರ್ಚು, ವಿಮಾನದ ಟಿಕೆಟ್ ನಮ್ಮದು ಅಂತ ಬರೆದುಕೊಟ್ಟಿತು. ಹೀಗೆ ಆ ಊರಾಯಿತು.

ಈ ಲೆಕ್ಕ ಪೂರ್ತಿ ಫಲಿಸಿದೆ ಅಂತ ಹೇಳಲಾರೆ. ನಾವು ಆರಿಸಿದ ಮೇಲೆ ಈ ಭಾಗದ ಕಾರಿನ ಬಿಡಿಭಾಗದ ಕಂಪನಿಗಳಲ್ಲಿ ಕೆಲಸ ಕಡಿತ ಶುರುವಾಗಿದೆ. ಯಜಮಾನರು ಈಗ ವೈದ್ಯಕೀಯ ಉಪಕರಣ ಮಾಡುವ ಕಾರ್ಖಾನೆಗಳ ಕಡೆ ನೋಡುತ್ತಿದ್ದಾರೆ.

2024ರ ಅಕ್ಟೋಬರ್‌ನಲ್ಲಿ ಡೆಫಿಜಿಟ್‌ಬೆಶೈಡ್ ಬಂತು. ನಿಮ್ಮ ಓದಿನಲ್ಲಿ ಇಲ್ಲಿಗೆ ಹೋಲಿಸಿದರೆ ಇಷ್ಟು ಕೊರತೆ ಇದೆ ಅಂತ ಹೇಳುವ ಪತ್ರ. ಓದಿದಾಗ ಅವಮಾನವಾದಂತೆ ಅನ್ನಿಸಿತು. ಬಹುತೇಕ ಎಲ್ಲರಿಗೂ ಬರುತ್ತದೆ, ಅದು ಸೋಲಲ್ಲ, ಅದೇ ನಿಮ್ಮ ವೀಸಾದ ಕೀಲಿ. ಕೊರತೆ ತುಂಬಲು ಎರಡು ದಾರಿ: ಕೆಲವು ತಿಂಗಳ ತರಬೇತಿ, ಇಲ್ಲವೇ ಕೆಂಟ್‌ನಿಸ್‌ಪ್ರೂಫುಂಗ್ ಅನ್ನುವ ಪರೀಕ್ಷೆ. ನಾನು ಪರೀಕ್ಷೆ ಆರಿಸಿದೆ. ಆಸ್ಪತ್ರೆಯವರು 411 ಯೂರೋ ಕಟ್ಟಿ ವೇಗದ ವಿಧಾನದಲ್ಲಿ ಅರ್ಜಿ ಹಾಕಿದ್ದರು. ಬೆಂಗಳೂರಿನಲ್ಲೇ ಜರ್ಮನ್ ದೂತಾವಾಸದ ಕಚೇರಿ ಇರುವುದು ನಮಗೆ ದೊಡ್ಡ ಅನುಕೂಲ. 75 ಯೂರೋ ವೀಸಾ ಶುಲ್ಕ. 2025ರ ಮಾರ್ಚ್‌ನಲ್ಲಿ ಹೊರಟೆ.

ಸೂಟ್‌ಕೇಸಿನಲ್ಲಿ ನಾಲ್ಕು ಕೆಜಿ ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿ. ಅತ್ತೆ ಕಾಯಿಸಿ ಕೊಟ್ಟ ತುಪ್ಪವನ್ನು ಬಿಟ್ಟು ಬಂದೆ. ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಮಗಳು ಅಳಲಿಲ್ಲ. ನನ್ನ ದುಪಟ್ಟಾ ತುದಿ ಹಿಡಿದುಕೊಂಡೇ ಇದ್ದಳು. ಬಿಡಿಸಿಕೊಂಡು ಬಂದೆ.

ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್, ಆರೋಗ್ಯ ವಿಮೆ ಎಲ್ಲಕ್ಕೂ ಈ ನೋಂದಣಿಯೇ ಮೂಲ. ಮೊದಲ ಸಂಬಳ ತಿಂಗಳ ಕೊನೆಗೆ. ಅಲ್ಲಿಯವರೆಗೆ ನಾನು ತಂದ 1,200 ಯೂರೋ ಸಾಕಾಯಿತು, ಆದರೆ ಕೈಬಿಗಿ ಹಿಡಿದು. ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳ: ಕಾಗದದಲ್ಲಿ 2,600 ಯೂರೋ, ಕೈಗೆ 1,830ರ ಹತ್ತಿರ.

ಕೆಲಸದಲ್ಲಿ ಎರಡು ಪೆಟ್ಟು ಬಿದ್ದವು. ಒಂದು, ಇಲ್ಲಿ ರೋಗಿಗೆ ಸ್ನಾನ, ಬಾಯಿ ತೊಳೆಸುವುದು, ಊಟ ಮಾಡಿಸುವುದು ಎಲ್ಲ ನರ್ಸಿನ ಕೆಲಸ. ನಮ್ಮಲ್ಲಿ ಮನೆಯವರು, ಆಯಾಗಳು ಮಾಡುತ್ತಾರೆ. ವೆಂಟಿಲೇಟರ್ ನೋಡಿಕೊಂಡಿದ್ದ ಕೈಗೆ ಕ್ಯಾನುಲಾ ಹಾಕಲೂ ಬಿಡದೆ, ಅದು ಡಾಕ್ಟರ ಕೆಲಸ ಅಂದಾಗ ನನಗೆ ಅಳು ಬಂತು. ಒಂದೆರಡು ತಿಂಗಳಾದ ಮೇಲೆ ನೋಟ ಬದಲಾಯಿತು. ಸ್ನಾನ ಮಾಡಿಸುವಾಗ ಬೆನ್ನಿನ ಚರ್ಮ ನೋಡುತ್ತೇವೆ, ಉಸಿರು ಕೇಳುತ್ತೇವೆ, ಮಾತಾಡುತ್ತೇವೆ. ಆ ಹತ್ತು ನಿಮಿಷದಲ್ಲಿ ರೋಗಿಯ ಬಗ್ಗೆ ಮಾನಿಟರ್ ಹೇಳದ್ದು ಗೊತ್ತಾಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ಬನ್ನಿ. ತಿಳಿಯದೆ ಬಂದು ವಾಪಸ್ ಹೋದವರನ್ನು ನೋಡಿದ್ದೇನೆ.

ಇನ್ನೊಂದು, ಇಲ್ಲಿನವರ ಶ್ವೇಬಿಶ್ ಮಾತು. ಪುಸ್ತಕದ ಜರ್ಮನ್‌ಗೂ ಇದಕ್ಕೂ ಬೆಂಗಳೂರು ಕನ್ನಡಕ್ಕೂ ಕುಂದಾಪುರ ಕನ್ನಡಕ್ಕೂ ಇರುವಷ್ಟು ದೂರ. ಒಬ್ಬ ಅಜ್ಜ ನೋವು ಎಲ್ಲಿದೆ ಅಂತ ಮೂರು ಸಲ ಹೇಳಿದರೂ ನನಗೆ ಅರ್ಥವಾಗಲಿಲ್ಲ. ಅವತ್ತು ಡ್ಯೂಟಿ ಮುಗಿಸಿ ಕೋಣೆಗೆ ಹೋಗಲು ಮನಸ್ಸಾಗದೆ ರೈಲು ಹತ್ತಿ ಟ್ಯೂಬಿಂಗನ್‌ಗೆ ಹೋದೆ. ನಮ್ಮ ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಊರು ಅದು. 21ನೇ ವಯಸ್ಸಿಗೆ ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದೆ ನಮ್ಮ ಕಡೆ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟು ಅಚ್ಚಾಗುವಾಗ ಅವರಿಗೆ ಅರವತ್ತು ದಾಟಿತ್ತು. ನೆಕಾರ್ ನದಿಯ ಸೇತುವೆ ಮೇಲೆ ನಿಂತು ಇದನ್ನೇ ಯೋಚಿಸುತ್ತಿದ್ದೆ. ಮಾರನೆಯ ದಿನದಿಂದ ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿಟ್ಟೆ. ರೋಗಿಗಳು ಹೇಳುವ ಊರಮಾತು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಈಗ ಮೂರನೆಯ ನೋಟ್‌ಬುಕ್.

ನವೆಂಬರ್‌ನಲ್ಲಿ ಪರೀಕ್ಷೆ. ಒಂದು ಭಾಗ ಮಾತಿನದು, ಇನ್ನೊಂದು ವಾರ್ಡಿನಲ್ಲಿ ನಿಜವಾದ ರೋಗಿಗಳ ಆರೈಕೆ. ಫೇಲಾದರೆ ಮತ್ತೊಂದೇ ಅವಕಾಶ. ಪ್ರತಿಯೊಂದು ಕೆಲಸಕ್ಕೂ ಯಾಕೆ ಮಾಡುತ್ತಿದ್ದೇನೆ ಅಂತ ಹೇಳಬೇಕು, ಸುಮ್ನೆ ಸರಿಯಾಗಿ ಮಾಡಿದರೆ ಸಾಲದು. ಪಾಸಾದೆ ಅಂದಾಗ ಪರೀಕ್ಷಕರ ಮುಂದೆಯೇ ಕಣ್ಣೀರು ಬಂತು. ಈಗ ಸಂಬಳ ಕಾಗದದಲ್ಲಿ 3,400 ದಾಟಿದೆ.

ಮನೆ ಹುಡುಕುವುದೇ ಕೊನೆಯ ಬೆಟ್ಟ. 23 ಕಡೆ ಅರ್ಜಿ ಹಾಕಿ ನಾಲ್ಕು ಮನೆ ನೋಡಿದೆ. ಬರೀ ಬಾಡಿಗೆ ಬೇರೆ, ನೀರು, ಹೀಟರ್ ಸೇರಿದ ಬಾಡಿಗೆ ಬೇರೆ. ಜಾಹೀರಾತಿನಲ್ಲಿ ಎರಡನ್ನೂ ನೋಡಿ. ನನಗೆ ಸಿಕ್ಕಿದ್ದು 720, ಎಲ್ಲ ಸೇರಿ 930. ಠೇವಣಿ ಮೂರು ತಿಂಗಳ ಬರೀ ಬಾಡಿಗೆ, 2,160 ಯೂರೋ. ಒಳಗೆ ಹೋದರೆ ಅಡುಗೆಮನೆಯಲ್ಲಿ ಗೋಡೆ, ನಲ್ಲಿ ಬಿಟ್ಟರೆ ಏನೂ ಇಲ್ಲ. ಇಲ್ಲಿ ಎಷ್ಟೋ ಮನೆ ಹಾಗೇ. ಒಲೆ, ಸಿಂಕ್, ಕಪಾಟು ಹಳೆಯದು ಹುಡುಕಿ 400 ಯೂರೋಗೆ ತಂದೆ. ಎರಡು ವಾರಕ್ಕೊಮ್ಮೆ ಮೆಟ್ಟಿಲು, ಬಾಗಿಲ ಮುಂದಿನ ದಾರಿ ಗುಡಿಸುವ ಸರದಿಯೂ ನಮ್ಮದು. ಕೆಳಗಿನ ಮನೆಯ ಅಜ್ಜಿ ಮೊದಲ ದಿನವೇ ಪೊರಕೆ ಎಲ್ಲಿದೆ ಅಂತ ತೋರಿಸಿದರು.

ಯಜಮಾನರು ಎ 1 ಪಾಸಾಗಿದ್ದಾರೆ. ಮಗಳಿಗೆ ಈಗ ಐದು. ಮುಂದಿನ ಸೆಪ್ಟೆಂಬರ್‌ಗೆ ಶಾಲೆ ಶುರುವಾಗುವ ಮೊದಲು ಕೆಲವು ತಿಂಗಳಾದರೂ ಇಲ್ಲಿನ ಕಿಂಡರ್‌ಗಾರ್ಟನ್‌ನಲ್ಲಿ ಭಾಷೆ ಕಿವಿಗೆ ಬೀಳಲಿ ಅಂತ ಅವಸರ ಮಾಡುತ್ತಿದ್ದೇವೆ. ಅವರಿಬ್ಬರ ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳು ಬೆಂಗಳೂರಿನಲ್ಲಿ. ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಅನುವಾದ ಎಲ್ಲ ಸಿದ್ಧ. ಜನನ ಪತ್ರದಲ್ಲಿ ನನ್ನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ ಅಂತ ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಯಜಮಾನರಿಂದ ಅಕ್ಷರ ಅಕ್ಷರ ಓದಿಸಿದೆ. ಹಾಗೇ ಇದೆ.